ಮುಂದಿನ ಚಕ್ರಗಳ ನಡುಕ

ಹೆಬ್ಬಾಳದ ಕಡೆಗಿನ ಮೇಲ್ಸೇತುವೆ ಹತ್ತಿ ಕಾರು ಎಪ್ಪತ್ತೈದು ದಾಟಿತೆಂದರೆ ಸ್ಟೀರಿಂಗ್ ನಡುಗಲು ಶುರು. ಅರವತ್ತಕ್ಕೆ ಇಳಿಸಿದರೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ನಾನು ಡ್ರೈವಿಂಗ್ ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಯಜಮಾನರು ಮೆಟ್ರೋದಲ್ಲಿ ಓಡಾಡಲು ಶುರುಮಾಡಿದ ಮೇಲೆ ಮನೆಯ ಕಾರು ನನ್ನ ಪಾಲಿಗೆ ಬಂತು. ಯಲಹಂಕದಿಂದ ಆಫೀಸಿಗೆ ಅದರಲ್ಲೇ ಹೋಗುತ್ತಿದ್ದೆ. ಕೈಗೆ ಬಂದ ಎರಡೇ ತಿಂಗಳಿಗೆ ಈ ನಡುಕ.

"ಹಂಪು, ಗುಂಡಿ ಏನೂ ನೋಡಲ್ಲ ನೀನು. ನಾನು ಏಳು ವರ್ಷ ಓಡಿಸ್ದೆ, ಒಂದಿನ ಹಿಂಗಾಗ್ಲಿಲ್ಲ," ಎಂದರು ಯಜಮಾನರು. ರಸ್ತೆಯನ್ನು ದೂರಿದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ಇದು ಹಿಂಗೇ ಆದ್ರೆ ಮಾರ್ಬಿಡೋಣ. ನೀನು ಕ್ಯಾಬಲ್ಲಿ ಹೋಗು."

ತಣಿಸಂದ್ರದ ಟೈರ್ ಅಂಗಡಿಗೆ ಒಯ್ದೆ. ಚಕ್ರ ಬಿಚ್ಚಿ, ಯಂತ್ರಕ್ಕೆ ಹಾಕಿ ತಿರುಗಿಸಿ, ತೂಕ ಸಮವಾಗಲೆಂದು ರಿಮ್ಮಿಗೆ ಸಣ್ಣ ಸಣ್ಣ ಸೀಸದ ತುಂಡು ಅಂಟಿಸಿದರು. ಕಾರು ಬೆಣ್ಣೆಯಂತೆ ಹೋಯಿತು. ಒಂದು ವಾರದೊಳಗೆ ಮತ್ತೆ ನಡುಕ. ಮತ್ತೆ ಅಂಗಡಿ, ಮತ್ತೆ ನಡುಕ. ಮೂರು ಸಲ ಹೀಗಾಯಿತು. ಯಾವ ದಿನ ನಡುಗಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಪ್ರತಿ ಸಲವೂ ಗುರುವಾರದವರೆಗೆ ಸರಿ ಇದ್ದು, ಶುಕ್ರವಾರ ಬೆಳಿಗ್ಗೆ ಕೆಟ್ಟಿರುತ್ತಿತ್ತು. ಯಂತ್ರಕ್ಕೆ ವಾರ ಗೊತ್ತಾಗುವುದುಂಟೆ?

ನಾಲ್ಕನೇ ಸಲ ಟೈರಿನವರು ಚಕ್ರದ ಮುಂದೆ ಕೂತು ಹೇಳಿದರು: "ಮೇಡಂ, ನಾನು ಅಂಟ್ಸಿದ್ದು ಒಂದೂ ಇಲ್ಲ. ತಾನಾಗೇ ಬಿದ್ದಿಲ್ಲ ಇದು. ಯಾರೋ ಕೆರೆದು ತೆಗ್ದಿದಾರೆ. ಅದೂ ಮುಂದಿನ ಎರಡರಲ್ಲಿ ಮಾತ್ರ."

ಶುಕ್ರವಾರ ಮಾವನವರು ಕಾರಿನ ಮುಂದಿನ ಚಕ್ರಗಳಿಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುವುದು ನನಗೆ ಗೊತ್ತಿತ್ತು. ಅದಕ್ಕೂ ಮುಂಚೆ ತೊಳೆಯುವುದನ್ನು ನೋಡಿರಲಿಲ್ಲ. ಆ ಹೊತ್ತಿಗೆ ನಾನು ಒಳಗೆ ಡಬ್ಬಿ ಕಟ್ಟುತ್ತಿರುತ್ತೇನೆ. ಆ ಶುಕ್ರವಾರ ಒಲೆ ಆರಿಸಿ ಹೊರಗೆ ಬಂದೆ. ಮಾವ ಮಣೆ ಹಾಕಿಕೊಂಡು ಕೂತು, ತರಕಾರಿ ಹೆಚ್ಚುವ ಹಳೆಯ ಚಾಕುವಿನಿಂದ ರಿಮ್ಮು ಕೆರೆಯುತ್ತಿದ್ದರು.

"ಅದೇನೋ ಗಲೀಜು ಅಂಟಿರುತ್ತೆ ಕಣಮ್ಮ. ಮೊದ್ಲೇ ಇತ್ತು, ತೆಗ್ದೆ. ಆ ಟೈರಿನವ್ನು ಮತ್ತೆ ಮತ್ತೆ ಅಂಟಿಸ್ತಾನೆ. ಪೂಜೆ ಮಾಡೋ ಚಕ್ರ ಚೊಕ್ಕಟವಾಗಿರ್ಬೇಡ್ವಾ?"

ನಗು ಬಂತು. ಅದು ಏನು, ಯಾಕೆ ಬೇಕು ಎಂದು ಹೇಳಿದೆ. ಅವರು ನಾಲಿಗೆ ಕಚ್ಚಿಕೊಂಡರು. ಅಷ್ಟಕ್ಕೇ ಒಳಗೆ ಹೋಗಬಹುದಿತ್ತು. ಆದರೆ ಯಜಮಾನರು ಓಡಿಸುತ್ತಿದ್ದ ಏಳು ವರ್ಷದಲ್ಲಿ ಆಯುಧಪೂಜೆಗೆ ಬಿಟ್ಟರೆ ಆ ಕಾರಿಗೆ ಕುಂಕುಮ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

"ಮಾವ, ಆಗ ಶುಕ್ರವಾರದ ಪೂಜೆ ಇರ್ಲಿಲ್ಲ ಅಲ್ವಾ?"

"ಅವ್ನು ಓಡಿಸ್ತಿದ್ದಾಗ ಭಯ ಇರ್ಲಿಲ್ವಲ್ಲಮ್ಮ," ಎಂದರು, ಚಾಕು ಒರೆಸುತ್ತ. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದರು. ನನಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಒಳಗೆ ಹೋಗಿ ಒಲೆ ಹಚ್ಚಿದೆ.

ಮಾರನೆಯ ದಿನ ಚಕ್ರ ಸರಿಮಾಡಿಸಿಕೊಂಡು ಬಂದು ಇಬ್ಬರನ್ನೂ ಹೊರಡಿಸಿದೆ. ಮಾವ ನನ್ನ ಪಕ್ಕದಲ್ಲಿ, ಯಜಮಾನರು ಹಿಂದೆ. ಸೇತುವೆ ಹತ್ತಿ ಎಂಬತ್ತಕ್ಕೆ ಒಯ್ದೆ. ಸ್ಟೀರಿಂಗ್ ಅಲುಗಲಿಲ್ಲ. ಯಜಮಾನರು ಕಿಟಕಿಯಾಚೆ ನೋಡುತ್ತಿದ್ದರು. ಮಾವ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಸ್ವಲ್ಪ ನಿಧಾನ ಕಣಮ್ಮ," ಎಂದರು.

ನಾನು ಇಳಿಸಲಿಲ್ಲ.