ಜೀರಿಗೆ ಉದ್ದದ ಗೆರೆ

ಪ್ಲಾಸ್ಟಿಕ್ ಸುಟ್ಟರೆ ನಾತ ಬರುತ್ತದೆ, ಎಲ್ಲರಿಗೂ ಗೊತ್ತು. ಸುಡದೆ ಬರೀ ಕಾಯಿಸಿದರೆ ಬರುವ ವಾಸನೆ ಬೇರೆ. ಒಂಚೂರು ಸಿಹಿ, ಹೊಸ ಕೊಡದೊಳಗೆ ಮೂಗು ಇಟ್ಟಂಗೆ. ಮಣಿಕೊಂಡದಲ್ಲಿ ನನ್ನ ಮಗಳು ನೌಕರಿ ಹುಡುಗಿಯರ ಹಾಸ್ಟೆಲಿಗೆ ಅಡುಗೆ ಮಾಡಿ ಕೊಡುತ್ತಾಳೆ. ಬೆಂಗಳೂರು, ಮೈಸೂರು ಕಡೆಯ ಹುಡುಗಿಯರು, ಚಟ್ನಿ ಸೋರಬಾರದು ಅನ್ನುತ್ತಾರೆ. ಅದಕ್ಕೆ ಹೋದ ತಿಂಗಳು ಪ್ಯಾಕೆಟ್ಟಿನ ಬಾಯಿ ಬೆಸೆಯುವ ಸಣ್ಣ ಮಶೀನು ತಂದಳು. ಮೊದಲ ಪ್ಯಾಕೆಟ್ಟು ಒತ್ತಿದಳು, ಆ ವಾಸನೆ ಬಂತು. ನಾನು ಬೆಳ್ಳುಳ್ಳಿ ಸುಲಿಯುವುದು ಬಿಟ್ಟು ಕೂತೆ.

"ಯಾಕವ್ವ, ಸುಸ್ತಾತೇನ?" ಅಂದಳು.

"ನಿನ್ನ ಮಶೀನು ನಿನಗಿಂತ ಮೊದಲ ನನಗ ಗೊತ್ತು" ಅಂದೆ. ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಟ್ಟ ಈ ಮುದುಕಿ ಆಕಾಶಕ್ಕೆ ಬಲೂನು ಕಳಿಸುವ ಕೆಲಸದಲ್ಲಿದ್ದಳು ಅಂದರೆ ಯಾರು ನಂಬುತ್ತಾರೆ? ಕಳಿಸಿದವರು ಸಾಹೇಬರು ಬಿಡ್ರಿ. ನಾನು ಹಾಳೆ ಹಿಡಿಯುತ್ತಿದ್ದೆ.

ಹುಟ್ಟುಹಬ್ಬದ ಬಲೂನು ಅಲ್ಲ ಮತ್ತೆ. ಗ್ಯಾಸು ತುಂಬಿದರೆ ನಾಲ್ಕಂತಸ್ತಿನ ಮನೆ ಒಳಗೆ ಹಿಡಿಸಬೇಕು, ಅಷ್ಟು ದೊಡ್ಡದು. ಅದರ ಪ್ಲಾಸ್ಟಿಕ್ ಹಾಳೆ ಮಾತ್ರ ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳ್ಳಗೆ. ಶಹರದ ಆಚೆ ಉದ್ದನೆಯ ಶೆಡ್ಡು, ಶೆಡ್ಡಿನಷ್ಟೇ ಉದ್ದನೆಯ ಮೇಜು. ಆ ಮೇಜಿನ ಮೇಲೆ ಹಾಳೆಗೆ ಹಾಳೆ ಕೂಡಿಸಿ, ಬಿಸಿ ಗಾಲಿ ಓಡಿಸಿ ಬೆಸೆಯಬೇಕು. ಗಾಲಿ ಓಡಿಸುವಾಕೆ ಶರಣಮ್ಮ, ಮುಂದೆ ಮುಂದೆ ಹಾಳೆ ಸರಿ ಮಾಡುವಾಕೆ ನಾನು. ಇಬ್ಬರೂ ರಾಯಚೂರು ಕಡೆಯವರು. ಹೊರಗೆ ತೆಲುಗು, ಹಿಂದಿ. ನಮ್ಮ ಮೇಜಿನ ಮೇಲೆ ಕನ್ನಡ. ಶರಣಮ್ಮ ನನಗಿಂತ ಐದಾರು ವರ್ಷ ದೊಡ್ಡಾಕೆ. ಗಂಡ ಸತ್ತಿದ್ದ, ಒಬ್ಬಳು ಸಣ್ಣ ಮಗಳು. ನಾನು ಅಕ್ಕಾ ಅನ್ನುತ್ತಿದ್ದೆ.

ಬಲೂನಿನ ಕೆಳಗೆ ಒಂದು ಪೆಟ್ಟಿಗೆ ತೂಗುಬಿಡುತ್ತಿದ್ದರು. ಅದರೊಳಗೆ ದುರ್ಬೀನು, ಇನ್ನೂ ಏನೇನೋ. ನಮ್ಮ ಮೇಲಿನ ಸಾಹೇಬರು ಧಾರವಾಡದವರು, ಕೇಳದಿದ್ದರೂ ತಿಳಿಸಿ ಹೇಳುವ ಚಟ. ಗಾಳಿಯನ್ನು ದಾಟಿ ಮೇಲೆ ಹೋದರೆ ಹಗಲಲ್ಲೂ ಆಕಾಶ ಕಪ್ಪಗಿರುತ್ತದಂತೆ. ಕೆಳಗೆ ನಮಗೆ ಮುಟ್ಟದ ಬೆಳಕು ಅಲ್ಲಿ ಸಿಗುತ್ತದಂತೆ. ಆ ಬೆಳಕಿನಲ್ಲಿ ಗುರು, ಶನಿ ಎಲ್ಲ ಬೇರೆಯೇ ಕಾಣುತ್ತವಂತೆ.

"ಶನಿ ನೋಡಾಕ ಅಷ್ಟು ಮ್ಯಾಲ ಯಾಕ ಹೋಗಬೇಕ್ರೀ ಸಾಹೇಬ್ರ? ನಮ್ಮ ಮನೀಗೆ ಬರ್ರಿ, ಚಾ ಕುಡಕೊಂತ ನೋಡೀರಂತ" ಅಂದಳು ಶರಣಮ್ಮ.

ಸಾಹೇಬರೂ ನಕ್ಕರು. ಆಮೇಲೆ ಅಂದರು: "ರಾಕೆಟ್ಟು ಭೂಮಿ ಜೋಡಿ ಜಗಳಾಡಿ ಹೋಗತೈತಿ. ನಮ್ಮ ಬಲೂನ ಜಗಳಾಡಂಗಿಲ್ಲ, ಹಗುರ ಐತಿ ಅಂತ ತೇಲತೈತಿ, ಅಷ್ಟ. ಭೂಮಿ ಎಳಿಯೂದು ಮಾತ್ರ ಒಂದು ಗಳಿಗಿನೂ ನಿಲ್ಲಂಗಿಲ್ಲ ಶರಣಮ್ಮ. ಒಂದು ತೂತು ಬಿತ್ತಂದ್ರ ಕೆಳಗ."

ಆ ತೂತಿನ ಸಲುವಾಗಿಯೇ ಶೆಡ್ಡಿನಲ್ಲಿ ಒಂದು ಕಾಯಿದೆ. ಬಳೆ, ಉಂಗುರ, ತಾಳಿ ಏನೂ ಮೈಮೇಲೆ ಇರಬಾರದು. ಬಾಗಿಲಲ್ಲಿ ಒಂದು ಡಬ್ಬಿ, ಸೋಪಿನ ನೀರು. ಮುತ್ತೈದೆಯರೆಲ್ಲ ಸೋಪು ಹಚ್ಚಿ ಬಳೆ ಜಾರಿಸಿ, ದಾರಕ್ಕೆ ಪೋಣಿಸಿ ಡಬ್ಬಿಯಲ್ಲಿಟ್ಟು ಒಳಗೆ ಹೋಗಬೇಕು. ಹೊಸದರಲ್ಲಿ ಎಷ್ಟೋ ಜನ ಅತ್ತು ಕೆಲಸ ಬಿಟ್ಟರು. ಶರಣಮ್ಮ ಬರಿಗೈ ತೋರಿಸಿ ಎಲ್ಲರಿಗಿಂತ ಮೊದಲು ಒಳಗೆ. "ನನಗ ಸಸಾರ ನೋಡ್ರಿ, ದೇವರು ಮೊದಲ ತಗಸಿ ಇಟ್ಟಾನ" ಅನ್ನುತ್ತಿದ್ದಳು.

ನನಗೆ ಅದು ಅಷ್ಟು ಸುಲಭ ಇರಲಿಲ್ಲ. ನನ್ನ ಗಂಡ ಗೌಂಡಿ. ಬೇಗಂಪೇಟೆಯಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದ ಕಾಲ. ಬೊಂಬಿನ ಮೇಲೆ ನಿಂತು ಗಿಲಾವು ಮಾಡುತ್ತಿದ್ದ. ಅತ್ತೆಯದು ದಿನಾ ಬೆಳಿಗ್ಗೆ ಒಂದೇ ರಾಗ: "ಅಂವ ಬೊಂಬಿನ ಮ್ಯಾಲ, ಇಕಿ ಬೋಳಗೈ. ಬೀಳಲಿ ಅಂತ ಮಾಡಿಯೇನ?" ಗಟ್ಟಿ ಹೆಣ್ಣು ಅಂತ ನನಗೆ ಹೆಸರು, ಆದರೆ ಹೆದರಿದೆ. ಆಗ ನನ್ನ ತೋಳು ಜಾಲಿ ಕಟ್ಟಿಗೆಯಂಗೆ ಇದ್ದವು. ಒಂದು ಹಸಿರು ಗಾಜಿನ ಬಳೆಯನ್ನು ಮೊಣಕೈ ಮೇಲೆ ಏರಿಸಿ, ಅರಿವೆಯ ಚೂರಿನಿಂದ ಕಟ್ಟಿ, ಅಲ್ಲಿ ಕೊಡುತ್ತಿದ್ದ ಬಿಳಿ ಕೋಟಿನೊಳಗೆ ಮುಚ್ಚಿಕೊಂಡು ಹೋಗತೊಡಗಿದೆ. ಶರಣಮ್ಮನಿಗೂ ಹೇಳಲಿಲ್ಲ.

ಒಂದು ದಿನ ಮೇಜಿನ ಅಂಚಿಗೆ ತೋಳು ಒತ್ತಿತು. ಪಟ್ ಅಂದಿತು. ಬಳೆಯ ಚೂರೊಂದು ಕೋಟಿನ ತೋಳಿನಿಂದ ಜಾರಿ ಹಾಳೆಯ ಮೇಲೆ ಬಿತ್ತು. ಸಾಹೇಬರು ಆ ತುದಿಯಿಂದ ಬರುತ್ತಿದ್ದರು. ಗಬಕ್ಕನೆ ಎತ್ತಿ ಬಾಯಿಗೆ ಹಾಕಿಕೊಂಡೆ. ಎತ್ತುವಾಗ ಹಾಳೆಯ ಮೇಲೆ ಒಂದು ಗೆರೆ ಬಿತ್ತು. ಜೀರಿಗೆಯಷ್ಟು ಉದ್ದ. ತೂತಲ್ಲ, ಬರೀ ಗೆರೆ. ಅಂಥದು ಕಂಡರೆ ಕೈ ಎತ್ತಬೇಕು, ಅಷ್ಟೇ. ಒಂದು ತೇಪೆ ಹಚ್ಚುತ್ತಿದ್ದರು, ಮುಗಿದುಹೋಗುತ್ತಿತ್ತು. ನಾನು ಎತ್ತಲಿಲ್ಲ. ಬಾಯಲ್ಲಿ ಗಾಜು. ತಲೆಯಲ್ಲಿ 'ಬಳೆ ಒಡೆಯಿತು, ಗಂಡ ಬಿದ್ದ' ಅನ್ನುವುದೊಂದೇ. ಶರಣಮ್ಮನ ಗಾಲಿ ಬಂದು ಆ ಗೆರೆಯ ಪಕ್ಕದಲ್ಲೇ ದಾಟಿ ಹೋಯಿತು. ಸಂಜೆ ಓಡುತ್ತ ಮನೆಗೆ ಬಂದರೆ ಗಂಡ ಕೂತು ರೊಟ್ಟಿ ತಿನ್ನುತ್ತಿದ್ದ. "ಪಲ್ಯಾಕ ಉಪ್ಪು ಕಡಿಮಿ" ಅಂದ.

ಬಲೂನು ಹಾರಿಸುವ ದಿನ ನಮ್ಮನ್ನೂ ಮೈದಾನಕ್ಕೆ ಬಿಟ್ಟರು. ಬೆಳಕು ಹರಿಯುವ ಹೊತ್ತು, ಗಾಳಿ ನಿಂತಿತ್ತು. ಹಾಳೆ ಎದ್ದು ನಿಂತಿತು, ಪೆಟ್ಟಿಗೆ ನೆಲ ಬಿಟ್ಟಿತು. ಶರಣಮ್ಮ ಕೈಮುಗಿದಳು. "ನಮ್ಮ ಬೆಸಿಗಿ ನೋಡ ತಂಗಿ, ಹೆಂಗ ಹೊಂಟೈತಿ!" ಅಂದಳು. ಅದು ಸೂಜಿ ಮೊನೆಯಷ್ಟಾಗುವ ತನಕ ನೋಡಿದೆ. ಅರ್ಧ ದಾರಿಯಲ್ಲಿ ಭಾಳ ಕೊರೆಯುವ ಚಳಿ ಇದೆಯಂತೆ. ಪ್ಲಾಸ್ಟಿಕ್ಕು ಅಲ್ಲಿ ಹಪ್ಪಳದಂಗೆ ಬಿರುಸಾಗುತ್ತದಂತೆ. ಅಲ್ಲಿ ಒಡೆಯಿತು. ಇಳಿಸುವ ಛತ್ರಿಯೂ ಸಿಕ್ಕಿಕೊಂಡು, ಪೆಟ್ಟಿಗೆ ಯಾರದೋ ಜೋಳದ ಹೊಲದಲ್ಲಿ ಮೊಳ ಆಳಕ್ಕೆ ಹೂತಿತ್ತು. ಆ ಪೆಟ್ಟಿಗೆ ಕಟ್ಟಿದ ಸಾಹೇಬರು ಬೇರೆ, ವರ್ಷಗಟ್ಟಲೆ ದುಡಿದಿದ್ದರು. ಚೂರು ಆರಿಸಿ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಂದರು.

ಹರಿದ ಹಾಳೆ ನೋಡಿದರು. ಹರಿದದ್ದು ನಮ್ಮ ಮೇಜಿನ ಬೆಸುಗೆಯ ಪಕ್ಕದಿಂದ. ಗಾಲಿಯ ಬಿಸಿ ಜಾಸ್ತಿಯಾಗಿದೆ ಅಂದರು. ಗಾಲಿ ಯಾರದು? ಶರಣಮ್ಮನದು. ಮೊದಲ ದಿನ "ಇಲ್ರೀ ಸಾಹೇಬ್ರ, ನನ್ನ ಕೈ ನನಗ ಗೊತ್ತು" ಅಂದಳು. ಎರಡನೇ ದಿನ "ಇದ್ದೀತ್ರಿ" ಅಂದಳು. ಮೂರನೇ ದಿನ ಇನ್ನು ಬರಬೇಡ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಬಾಯಲ್ಲಿ ಗಾಜೂ ಇರಲಿಲ್ಲ. ಮಾತಾಡಬಹುದಿತ್ತು.

ನನ್ನ ತಪ್ಪು ತೀರಲಿ ಅಂತ ಗಂಡನಿಗೆ ಹೇಳಿ ಅವನ ಕಟ್ಟಡದಲ್ಲೇ ಆಕೆಗೆ ಕೆಲಸ ಕೊಡಿಸಿದೆ, ಸಿಮೆಂಟಿನ ಬುಟ್ಟಿ ಹೊರುವುದು. ದೊಡ್ಡ ಉಪಕಾರ ಅಂದುಕೊಂಡೆ. ಎರಡು ತಿಂಗಳಿಗೆ ಎರಡನೇ ಅಂತಸ್ತಿನಿಂದ ಬಿದ್ದಳು. ಸೊಂಟದ ಎಲುಬು ಹೋಯಿತು. ಸಾಯಲಿಲ್ಲ, ಅಂದಿನಿಂದ ನೆಟ್ಟಗೆ ನಿಲ್ಲಲೂ ಇಲ್ಲ. ನನ್ನ ಗಂಡ ಮೂವತ್ತು ವರ್ಷ ಬೊಂಬಿನ ಮೇಲೆ ನಿಂತ, ಒಮ್ಮೆಯೂ ಬೀಳಲಿಲ್ಲ. ಹಾಸಿಗೆಯಲ್ಲಿ ಕೆಮ್ಮಿ ಸತ್ತ.

ಬುಧವಾರ ಬುಧವಾರ ಶರಣಮ್ಮನ ಹತ್ತಿರ ಹೋಗುತ್ತ ಬಂದೆ. ಅಬಿಡ್ಸಿನ ಹಿಂದಿನ ಓಣಿಯಲ್ಲಿ ಆಕೆಯ ಮಗಳ ಮನೆ, ಒಂದೇ ಕೋಣೆ. ಆಕೆಯ ತಲೆ ಬಾಚಿ, ಬೆನ್ನು ತಿಕ್ಕಿ ಬರುತ್ತಿದ್ದೆ. ಓಣಿಯವರು ನನ್ನನ್ನು ಪುಣ್ಯವಂತೆ ಅಂದರು. ಅನ್ನಿಸಿಕೊಂಡೆ. ಚಂದ್ರನ ಮೇಲೆ ನಮ್ಮವರ ಗಾಡಿ ಇಳಿದ ಸಂಜೆ ಇಬ್ಬರೂ ಆಕೆಯ ಟೀವಿಯಲ್ಲಿ ನೋಡಿದೆವು. ಓಣಿಯೆಲ್ಲ ಚಪ್ಪಾಳೆ. ಶರಣಮ್ಮ ಮಾತ್ರ ಮೆಲ್ಲಗೆ, "ಅದನ್ನ ಬೆಸದಾಕಿ ಕೈ ಚಲೋ ಇದ್ದಿರಬೇಕು. ನಂದು ಬಿಸಿ ಜಾಸ್ತಿ ಆತು" ಅಂದಳು. ಇಷ್ಟು ವರ್ಷವಾದರೂ ಅದನ್ನೇ ಹಿಡಿದು ಕೂತಿದ್ದಳು. ನಾನು ಎದ್ದು ಟೀವಿಯ ಧ್ವನಿ ಏರಿಸಿದೆ.

ನನ್ನ ಮಗಳ ಮಶೀನು ಬಂದ ವಾರವೇ ಹೋಗಿ ಶರಣಮ್ಮನಿಗೆ ಹೇಳಿಬಿಟ್ಟೆ. ಬಳೆ, ಚೂರು, ಗೆರೆ, ಎಲ್ಲ. ಗೋಡೆಗೆ ಒರಗಿ ಕೇಳಿದಳು.

"ಗೆರಿ ನಿನ್ನ ಕಣ್ಣಿಗೆ ಕಂಡಿತ್ತೇನ?"

"ಕಂಡಿತ್ತಕ್ಕಾ."

"ತೇಪಿ ಹಚ್ಚಿದ್ರ ಮ್ಯಾಲ ಹೋಗತಿತ್ತು."

"ಹೋಗತಿತ್ತು."

ತನ್ನ ಎರಡೂ ಕೈ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರೋ ಒಯ್ದಿದ್ದ ಸಾಮಾನು ಭಾಳ ದಿನದ ಮೇಲೆ ಹೊಳ್ಳಿ ಬಂದಂಗೆ. "ನನ್ನ ಕೈ ಚಲೋ ಇತ್ತು" ಅಂದಳು. ಆಮೇಲೆ, "ಏಳು. ಇನ್ನ ಬರಬ್ಯಾಡ" ಅಂದಳು. ಸಿಟ್ಟಿನಿಂದ ಅಲ್ಲ. ಸಿಟ್ಟಿದ್ದರೆ ಬೈಸಿಕೊಂಡು ಕೂತಿರುತ್ತಿದ್ದೆ. ಬಾಗಿಲಲ್ಲಿ ಆಕೆಯ ಮಗಳು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ದಾರಿ ಬಿಟ್ಟಳು.

ಇವತ್ತು ಬುಧವಾರ. ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿಕೊಂಡ ಮೇಲೆ ನೆನಪಾಯಿತು, ಹೋಗುವ ಹಾಗಿಲ್ಲ ಅಂತ. ಇಷ್ಟು ವರ್ಷ ಆಕೆಯ ಸಲುವಾಗಿ ಹೋಗುತ್ತೇನೆ ಅಂದುಕೊಂಡಿದ್ದೆ. ಆಕೆಯ ಬೆನ್ನು ಈಗ ಮಗಳು ತಿಕ್ಕುತ್ತಾಳೆ, ಏನೂ ನಿಂತಿಲ್ಲ. ಹೊಸ್ತಿಲ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿರುವಾಕೆ ನಾನು.