ಕಾಲು ಚಾಚು ಎನ್ನುವವರೆಗೆ

ಮೂಂಟಾ ಊರಿನ ವರ್ನಾ ಟ್ರೆಂಬಾತ್ ಅಲುಗದೆ ಕೂರುವುದರಲ್ಲಿ ಬಂಡೆಗಲ್ಲನ್ನೂ ನಾಚಿಸಿದವಳು. ಒಮ್ಮೆ ಅವಳು ಬಸ್ ಸ್ಟಾಪಿನಲ್ಲಿ ಕೂತಿದ್ದಾಗ, ಊರಿಗೆ ಹೊಸ ಪ್ರತಿಮೆ ಬಂತೆಂದು ತಿಳಿದ ಡ್ರೈವರು ಟೋಪಿ ತೆಗೆದು ವಂದಿಸಿ ಬಸ್ಸನ್ನು ಮುಂದಕ್ಕೆ ಬಿಟ್ಟನಂತೆ. ಕಡಲ ಜೆಟ್ಟಿಯ ಪೆಲಿಕನ್ ಹಕ್ಕಿಗಳು ಅಲುಗದೆ ನಿಲ್ಲಲು ಕಲಿತದ್ದೇ ಅವಳನ್ನು ನೋಡಿ ಎನ್ನುವವರೂ ಇದ್ದಾರೆ.

ವಾರವಿಡೀ ಬೇಕರಿಯಲ್ಲಿ ಪೇಸ್ಟಿ ಎಂಬ ಮಾಂಸದ ಕಡುಬುಗಳ ಅಂಚು ಮಡಿಸುತ್ತಿದ್ದ ಈ ಮಹಾತಾಯಿ, ಭಾನುವಾರ ಚಿತ್ರಕಾರ ಕ್ಲೆಮ್ ಪೋಲ್ಗ್ರೀನನ ಎದುರು ಕೂರುತ್ತಿದ್ದಳು. ಅವನು ಕುಂಚ ಕೆಳಗಿಟ್ಟು "ಕಾಲು ಚಾಚು, ವರ್ನಾ" ಎನ್ನುವವರೆಗೆ ಅಲುಗುವಂತಿಲ್ಲ. ಅದು ಅವರಿಬ್ಬರ ಕಟ್ಟಳೆ. ಒಂದು ಭಾನುವಾರ ಅವನು ಆ ಮಾತು ಹೇಳದೆಯೇ, ಕುಂಚ ಹಿಡಿದಂತೆಯೇ ಸತ್ತ. ವರ್ನಾಳನ್ನು ಹುಡುಕಿಕೊಂಡು ಬಂದ ಅವಳ ಅಣ್ಣನ ಮಗಳು ಲೋರ್ನಾಗೆ, ಇಬ್ಬರಲ್ಲಿ ಹೆಣ ಯಾವುದೆಂದು ಕೂಡಲೇ ತಿಳಿಯಲಿಲ್ಲ.

"ಶ್! ಕ್ಲೆಮ್ ಯೋಚಿಸ್ತಿದಾನೆ" ಎಂದಿತು ಒಂದು ಹೆಣ.

ಈಗ ಕ್ಲೆಮ್‌ನ ಚಿತ್ರಗಳ ಗೌರವಾರ್ಥ ಊರ ಹಾಲ್‌ನಲ್ಲಿ ಸಂಗೀತ ಕಛೇರಿ. ವರ್ನಾಳ ಬಲಗೈಯೊಂದನ್ನು ಬರೆಯದೇ ಬಿಟ್ಟಿದ್ದ ಆ ಕೊನೆಯ ಚಿತ್ರಕ್ಕೆಂದೇ ಹೊಸ ಸಂಗೀತ ಕೃತಿ ಸಿದ್ಧವಾಗಿತ್ತು. ಮುದುಕಿಯ ಹೃದಯ ಸೋತಿದೆ, ಆಯಾಸ ಬೇಡ ಎಂದು ಡಾಕ್ಟರು ಹೇಳಿದ್ದರೂ, ಕಾಡಿ ಬೇಡಿ ಅವಳನ್ನು ಚಿತ್ರದ ಪಕ್ಕ ಕೂರಿಸಿದವಳು ಲೋರ್ನಾ. "ಅಲ್ಲಾಡ್ಬೇಡ ಆಂಟಿ, ಥೇಟ್ ಆವತ್ತಿನ ಹಾಗೇ ಕೂತ್ಕೋ."

ಹೊರಗೆ ಬಿಸಿ ಗಾಳಿ ತಗಡಿನ ಮಾಡನ್ನು ಕೆರೆಯುತ್ತಿತ್ತು. ಚೆಲೋ ವಾದ್ಯ ತಗ್ಗುದನಿಯಲ್ಲಿ ನರಳಿತು. ಚಿತ್ರದೊಳಗಿನ ಎದೆ ಏರಿಳಿದಂತೆ ಲೋರ್ನಾಗೆ ಕಂಡಿತು. ಪಕ್ಕದಲ್ಲಿದ್ದ ಅತ್ತೆಯ ಎದೆ ಏರಿಳಿಯಲಿಲ್ಲ. ನೊಣವೊಂದು ಅವಳ ಕಣ್ಣಂಚಿನಲ್ಲಿ ಅಡ್ಡಾಡಿತು, ರೆಪ್ಪೆ ಬಡಿಯಲಿಲ್ಲ.

ಸಂಗೀತ ಮುಗಿಯಿತು. ಚಪ್ಪಾಳೆಯೂ ಮುಗಿದು ಜನ ಚಹಾದ ಮೇಜಿನತ್ತ ನುಗ್ಗಿದರು. ವರ್ನಾ ಏಳಲಿಲ್ಲ. ಚೆಲೋ ನುಡಿಸಿದವಳು ಅವಳ ಕೈ ಮುಟ್ಟಿ, "ಅಯ್ಯೋ, ತಣ್ಣಗಿದೆ!" ಎಂದಳು.

ಬೇಕರಿಯ ಮುದುಕ ರಾಡ್ಡಾ ಟೋಪಿ ತೆಗೆದ. "ಕ್ಲೆಮ್ ಬಂದು ಕರ್ಕೊಂಡ್ಹೋದ, ಬಿಡಿ."

"ನಾನೇ ಕೊಂದೆ" ಎಂದು ಲೋರ್ನಾ ಕುಸಿದಳು. ಆಗ ಕಣ್ಣಿಗೆ ಬಿದ್ದದ್ದು, ಅಲಂಕಾರಕ್ಕೆಂದು ಚಿತ್ರದ ಚೌಕಟ್ಟಿಗೆ ಸಿಕ್ಕಿಸಿದ್ದ ಕ್ಲೆಮ್‌ನ ಕುಂಚ. ಅದನ್ನು ತೆಗೆದು ಕೆಳಗಿಟ್ಟಳು. ಬಾಯಿ ತೆರೆದಾಗ ದನಿ ಗಂಡಸಿನದಾಗಿ ಹೊರಟಿತು:

"ಕಾಲು ಚಾಚು, ವರ್ನಾ."

ರೆಪ್ಪೆ ಬಡಿಯಿತು. ಹಾಲ್‌ನಲ್ಲಿ ಯಾರ ಕಪ್ಪೋ ಬಿದ್ದು ಚೂರಾಯಿತು.

ರಾಡ್ಡಾ ಹತ್ತಿರ ಬಂದು ಪಿಸುಗುಟ್ಟಿದ: "ಎಲ್ಲಿಗೆ ಹೋಗಿದ್ದೆ ವರ್ನಾ? ಕ್ಲೆಮ್ ಸಿಕ್ಕಿದ್ನಾ? ಏನಂದ?"

"ಎಲ್ಲಿಗೂ ಇಲ್ಲ. ಕಾಲು ಜೋಮು ಹಿಡಿದಿದೆ, ಎಬ್ಬಿಸು. ಪೇಸ್ಟಿ ಉಳಿದಿದ್ಯಾ, ಇಲ್ಲಾ ಎಲ್ಲಾ ನೀನೇ ನುಂಗಿದ್ಯಾ?"