ಆಂಥೂರಿಯಂ ಸೇವೆ, ದೊಡ್ಡಪತ್ರೆ ಪಾಡು

ಜಾಲಹಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಪಟ್ಟಾಭಿರಾಮ ಒಂದು ಆಂಥೂರಿಯಂ ಗಿಡದ ದಾಸರಾದರು. ಅದಕ್ಕೆ ತೆಂಗಿನ ನಾರಿನ ಹಾಸಿಗೆ, ಹಸಿರು ಬಲೆಯ ನೆರಳು, ಫಿಲ್ಟರ್ ನೀರು. ದಿನಾ ಅದರ ಎಲೆ ಒರೆಸುತ್ತಿದ್ದವರು ಮೊಮ್ಮಗನ ಮೂಗು ಒರೆಸಿದ್ದನ್ನು ಸೊಸೆ ಸುಕೃತಿ ಒಮ್ಮೆಯೂ ಕಂಡಿರಲಿಲ್ಲ. ಇಷ್ಟಕ್ಕೆ ಗಿಡ ಕೊಟ್ಟದ್ದು ಪ್ಲಾಸ್ಟಿಕ್ಕಿನಂಥ ನಾಲ್ಕು ಕೆಂಪು ಹೂ. ದೇವರಿಗೂ ಇಲ್ಲ, ಮುಡಿಗೂ ಇಲ್ಲ; ಬಾಯಿಗಿಟ್ಟರೆ ತುರಿಕೆ ಬೇರೆ.

ಕಾಂಪೌಂಡಿನ ಮೂಲೆಯ ದೊಡ್ಡಪತ್ರೆಗೆ ಪಾತ್ರೆ ತೊಳೆದ ನೀರೇ ಗತಿ. ಆದರೂ ಎರಡು ವರ್ಷದ ವಿಷ್ಣುವಿಗೆ ಕೆಮ್ಮು ಬಂದಾಗಲೆಲ್ಲ ಅದರ ಎಲೆಯನ್ನೇ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ನೆಕ್ಕಿಸಬೇಕು.

ಅಂದು ಬೆಳಗಿನಿಂದ ಮಗುವಿನ ಎದೆ ಗೊರಗೊರ ಎನ್ನುತ್ತಿತ್ತು. ಸುಕೃತಿ ಗಾಬರಿಯಿಂದ ಎಲೆ ಕೀಳಲು ಓಡಿ ಬಂದರೆ ಗಿಡವೇ ಇಲ್ಲ!

"ಕಿತ್ತು ಎಸ್ದೆ ಕಣಮ್ಮ," ಎಂದರು ಮಾವ. "ಸಾಯಂಕಾಲ ತೋಟದ ಸ್ಪರ್ಧೆಗೆ ಜಡ್ಜ್‌ಗಳು ಬರ್ತಾರೆ. ಹಳ್ಳಿ ಹಿತ್ತಲು ಅಂದ್ಕೊಂಡ್ರೆ?"

"ಮಗೂಗೆ ಏನು ಕೊಡ್ಲಿ ಮಾವ, ನಿಮ್ಮ ಕೆಂಪು ಹೂನಾ?"

ಮನೆಗೆಲಸದ ಮಹಾನಂದಾ ಕಸದ ಬುಟ್ಟಿಯಿಂದ ಕಡ್ಡಿಗಳನ್ನು ಹೆಕ್ಕಿ ತಂದಳು. "ಎಲಿ ಇನ್ನೂ ಹಸೀ ಅದಾವ್ರೀ ಅಕ್ಕಾ. ಕಡ್ಡಿ ಎಲ್ಲರೆ ಚುಚ್ರಿ, ಸಾಯಂಗಿಲ್ಲ."

ರಸ ನೆಕ್ಕಿದ ಮಗು ಕಫ ಕಾರಿಕೊಂಡು ನಿದ್ದೆಹೋಯಿತು. ಸುಕೃತಿ ಉಳಿದ ಕಡ್ಡಿಗಳನ್ನು ಒಯ್ದು ಆಂಥೂರಿಯಂ ಕುಂಡದೊಳಗೇ ಚುಚ್ಚಿದಳು. ಮಾವ ಹೌಹಾರಿದರು.

"ನಿಮ್ಮ ಫಿಲ್ಟರ್ ನೀರು ಇನ್ಮೇಲೆ ಇದಕ್ಕೂ ಸಿಗ್ಲಿ ಮಾವ," ಎಂದಳು. "ಒರೆಸೋದೇನೂ ಬೇಡ."